ಕ್ಯಾಮೆರಾದೊಳಗಿನ ಕಾಮಣಿ

ಸಂಗನಬಸವ: ಒಂದ ಕಿಡಕಿ ಅತ್ತೀ, ಒಂದ ತಗೀರಿ ಸಾಕು. ಪೂರಾ ಬ್ಯಾಡ್ರಿ, ಅರ್ಧ ತಗೀರಿ. ಅದೂ ಬ್ಯಾಡಂದ್ರ ನಾಕ ಬೆರಳ ಸಂದಿ ಬಿಡ್ರಿ!

ಲಕ್ಕವ್ವ: ಬಂಗಾರೀ, ನಿಮ್ಮಪ್ಪಗ ಹೇಳವಾ. ಕಿಡಕಿ ತಗದ್ರ ಬೆಳಕ ಒಂದ ಬರೂದಿಲ್ಲ, ಅದರ ಬೆನ್ನ ಹತ್ತಿ ಗಾಳಿನೂ ಬರತೈತಿ ಅಂತ.

ಸಂಗನಬಸವ: ಬರ್ಲಿ ಬಿಡ್ರಿ. ಗಾಳಿ ಇಲ್ಲದ ಕೂಸ ಉಸಿರ ಹ್ಯಾಂಗ ಆಡಬೇಕು?

ಲಕ್ಕವ್ವ: ಮೂರ ತಿಂಗಳಿಂದ ನೀ ಉಸಿರ ಆಡ್ಲಾರದ ಇದ್ದಿ ಏನವಾ ಬಂಗಾರೀ? ಕೇಳ ನಿಮ್ಮಪ್ಪನ್ನ.

ನಿಡೋಣಿಯ ಆ ಮನೆಯಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಅಳಿಯನೆಂದರೆ ದೊಡ್ಡ ಮರ್ಯಾದೆಯ ಮನುಷ್ಯ, ಅವನೆದುರು ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲಬೇಕು. ಮದುವೆಯಾದ ಎರಡು ವರ್ಷ ಲಕ್ಕವ್ವ ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಮಗಳು ಐಶ್ವರ್ಯಳ ಬಾಯಿಂದ ಹೇಳಿಸಿದಳು. ಈಗ ಮೊಮ್ಮಗಳು ಬಂಗಾರಿ ಹುಟ್ಟಿದ್ದೇ ತಡ, ಮಗಳಿಗೆ ಆ ಕೆಲಸದಿಂದ ಬಿಡುಗಡೆಯಾಯಿತು. ಮಗಳಾದರೆ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಗಂಡನಿಗೆ ಮುಟ್ಟಿಸುತ್ತಿದ್ದಳು. ಕೂಸಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಲಕ್ಕವ್ವ ಕೊಟ್ಟದ್ದು ಕೊಟ್ಟ ಹಾಗೇ ಸಂಗನಬಸವನಿಗೆ ಬಂದು ತಾಗುತ್ತಿತ್ತು.

ಇವತ್ತು ಅವನು ಅದನ್ನೆಲ್ಲ ಸಹಿಸಿಕೊಂಡು ನಿಂತದ್ದಕ್ಕೆ ಕಾರಣವಿತ್ತು. ವಿಜಯಪುರದ ಸ್ಟೇಷನ್ ರಸ್ತೆಯ ಅಂಗಡಿಯೊಂದರಲ್ಲಿ ಮಂದಿಯ ಮೊಬೈಲಿಗೆ ಗಾಜು ಅಂಟಿಸುವುದು ಅವನ ಕೆಲಸ. ಆರು ವರ್ಷ ಅಂಟಿಸಿ ಅಂಟಿಸಿ ಅವನಿಗೆ ಸಾಕೋ ಸಾಕಾಗಿತ್ತು. ಟಿಕೋಟಾ ಬಸ್ ಸ್ಟ್ಯಾಂಡ್ ಎದುರು ಒಂದು ಮಳಿಗೆ ಹಿಡಿದು, ಕೂಸುಗಳ ಫೋಟೋ, ಮನೆಮಂದಿಯ ಫೋಟೋ ತೆಗೆಯುವ ಸ್ಟುಡಿಯೋ ಹಾಕಬೇಕು, ಅದರ ಬೋರ್ಡಿನ ಮೇಲೆ ತನ್ನ ಮಗಳೇ ನಗುತ್ತಿರಬೇಕು ಎಂಬ ಆಸೆ ಅವನ ನಿದ್ದೆ ಕೆಡಿಸಿತ್ತು. ಸ್ಟೇಷನ್ ರಸ್ತೆಯಲ್ಲೇ ಮೂವತ್ತು ವರ್ಷ ಮದುವೆ ಫೋಟೋ ತೆಗೆದ ಫಕ್ರುದ್ದೀನ ಚಾಚಾನ ಹಳೆಯ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ಇಸಿದುಕೊಂಡು ಬಂದಿದ್ದ. ಕೈಗೆ ಹತ್ತಿದರೆ ಇಟ್ಟುಕೋ, ಹತ್ತದಿದ್ದರೆ ಸಂಜೆ ಐದಕ್ಕೆ ತಂದುಕೊಡು ಎಂದಿದ್ದ ಚಾಚಾ. ಹತ್ತಿತೋ ಇಲ್ಲವೋ ಎಂದು ತೀರ್ಪು ಕೊಡುವವಳು ಐಶ್ವರ್ಯ.

ಐಶ್ವರ್ಯ: ರೀ, ಹನ್ನೊಂದು ಹೊಡೀತು. ನನ್ನ ಮಾತ ನೆನಪೈತಲ್ಲ? ಗ್ವಾಡಿಗೆ ಹಾಕುವಂಥಾ ಫೋಟೋ ಒಂದ, ಒಂದಂದ್ರ ಒಂದ. ಅದು ಬಂದ್ರ ಸ್ಟುಡಿಯೋ ತಗೀರಿ, ನಾನ ಮುಂದ ನಿಂತು ಕಸಾ ಹೊಡೀತೀನಿ. ಬರ್ಲಿಲ್ಲಂದ್ರ ಆ ಸುದ್ದಿ ಮತ್ತ ಎತ್ತಬಾರ್ದು.

ಸಂಗನಬಸವ: ಒಂದ ಯಾಕ, ಹತ್ತ ತಗೀತಿದ್ನಿ. ಬೆಳಕ ಎಲ್ಲೈತಿ? ಈ ಖೋಲ್ಯಾಗ ನನ್ನ ಕೈ ನನಗ ಕಾಣವಲ್ದು.

ಸುಳ್ಳಲ್ಲ. ಬಾಣಂತಿ ಕೋಣೆಯ ಎರಡೂ ಕಿಟಕಿಗೆ ಲಕ್ಕವ್ವ ಹಳೆಯ ಕೌದಿ ಬಡಿದಿದ್ದಳು. ಮೂಲೆಯಲ್ಲಿ ಲೋಬಾನದ ಹೊಗೆ. ನೆತ್ತಿಯ ಮೇಲೆ ಹಳದಿ ಬಲ್ಬು ಒಂದು ಉರಿಯುತ್ತಿತ್ತು, ಉರಿಯುತ್ತಿದೆ ಎಂದು ಹೇಳಿದರೆ ನಂಬಬೇಕು, ಅಷ್ಟೆ. ಐಶ್ವರ್ಯಳ ತೊಡೆಯ ಮೇಲೆ ಕೂಸು ಉಣ್ಣೆಯ ಕುಂಚಗಿಯಲ್ಲಿ ಹುದುಗಿ ಕಣ್ಣು, ಮೂಗು, ಗಲ್ಲ ಇಷ್ಟನ್ನೇ ಹೊರಗೆ ಬಿಟ್ಟಿತ್ತು. ಗಲ್ಲದ ಮೇಲೆ, ಹಣೆಯ ಮೇಲೆ, ಅಂಗಾಲಿನಲ್ಲಿ ಕಾಡಿಗೆಯ ದೃಷ್ಟಿಬೊಟ್ಟು, ಒಂದೊಂದೂ ರೂಪಾಯಿ ನಾಣ್ಯದಗಲ.

ಸಂಗನಬಸವ: ಆ ಕುಂಚಗಿ ಆದ್ರೂ ತಗೀರಿ.

ಲಕ್ಕವ್ವ: ನೆತ್ತಿ ಕೂಡಿಲ್ಲ ಇನ್ನ ಕೂಸಿಂದು, ಅಲ್ಲೇನವಾ ಬಂಗಾರೀ?

ಸಂಗನಬಸವ: ಗಲ್ಲದ ಬೊಟ್ಟಾದ್ರೂ ತುಸು ಸಣ್ಣದ ಮಾಡ್ರಿ. ಕ್ಯಾಮೆರಾ ಕಣ್ಣ ಬಿಟ್ಟು ಬೊಟ್ಟಿಗೆ ಫೋಕಸ್ ಆಗಾಕತ್ತೇತಿ.

ಲಕ್ಕವ್ವ: ಕೇಳಿದ್ಯಾ ಬಂಗಾರೀ? ಬೊಟ್ಟ ಇಡೂದ ಅದಕ್ಕ. ನೋಡಾವ್ರ ಕಣ್ಣ ಮೊದಲ ಅದರ ಮ್ಯಾಲ ಬೀಳಬೇಕು. ಮಶೀನಕ್ಕ ತಿಳದದ್ದು ನಿಮ್ಮಪ್ಪಗ ತಿಳೀವಲ್ದು.

ಸಂಗನಬಸವ ಹಲ್ಲು ಕಚ್ಚಿಕೊಂಡು ಕ್ಯಾಮೆರಾ ಎತ್ತಿದ. ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿ ಕಲಿತ ಪಾಠವೆಲ್ಲ ತಲೆಯೊಳಗೆ ಕಲಸಿಹೋಗಿತ್ತು. ಬೆಳಕು ಕಡಿಮೆಯಿದ್ದರೆ ಶಟರ್ ನಿಧಾನ ಮಾಡು ಎಂದದ್ದಷ್ಟೇ ಗಟ್ಟಿ ನೆನಪಿತ್ತು. ನಿಧಾನ ಮಾಡಿದ. ಕಚಕ್ ಎನ್ನುವುದಕ್ಕೂ ಕೂಸು ತಲೆ ಅಲುಗಿಸುವುದಕ್ಕೂ ಸರಿಹೋಯಿತು.

ಐಶ್ವರ್ಯ: ತೋರಸ್ರಿ. ಅಯ್ಯ, ಇದೇನ್ರಿ? ಎರಡ ಮೂಗ ಬಂದಾವ!

ಲಕ್ಕವ್ವ: ಎಲ್ಲಿ, ಎಲ್ಲಿ? ಯವ್ವಾ ನನ್ನವ್ವಾ! ಮೂಗ ಅತ್ತಾಗ ಇರ್ಲಿ, ಬಣ್ಣ ನೋಡ ಬಣ್ಣ. ಅರಿಷಿಣ ಹಚ್ಚಿದಂಗ ಆಗ್ಯಾಳ ಹುಡುಗಿ. ಐಶೂ, ಕಣ್ಣ ತಗದ ನೋಡ ಬೇ. ಕೂಸಿಗೆ ಕಾಮಣಿ ಆಗೇತಿ!

ಸಂಗನಬಸವ: ಕಾಮಣಿ ಎಲ್ಲಿಂದ ಬಂತ್ರಿ ಅತ್ತೀ! ಅದು ಬಲ್ಬಿನ ಬಣ್ಣ. ನಾ ಬಿಸಲಿಗೆ ಇಡೂ ಸೆಟ್ಟಿಂಗ್ ಇಲ್ಲಿಟ್ಟೇನಿ, ಅದಕ್ಕ ಹಳದಿ ಆಗೇತಿ.

ಲಕ್ಕವ್ವ: ಬಂಗಾರೀ, ನಿಮ್ಮಪ್ಪ ಡಾಕ್ಟರ್ ಯಾವಾಗ ಆದ ಕೇಳು. ಬಬಲೇಶ್ವರದಾಗ ಔಷಧಾ ಹಾಕಾವ್ರು ಅದಾರ, ಇವತ್ತ ಹೋದ್ರ ಮೂರ ಪಾಳಿಗೆ ಇಳೀತೈತಿ.

ಐಶ್ವರ್ಯ: ಯವ್ವಾ, ಕೂಸಿನ್ನ ನೋಡು, ಫೋಟೋ ನೋಡಬ್ಯಾಡ. ಕೂಸ ಚೊಲೋ ಐತಿ.

ಲಕ್ಕವ್ವ: ಈ ಕತ್ತಲ್ಯಾಗ ಕೂಸ ಎಲ್ಲಿ ಕಾಣತೈತಿ!

ಮಾತು ಬಾಯಿಂದ ಜಾರಿದ್ದು ಲಕ್ಕವ್ವನಿಗೂ ಗೊತ್ತಾಯಿತು. ಸೆರಗು ಸರಿಮಾಡಿಕೊಂಡು ಲೋಬಾನದ ಕೆಂಡ ಕೆದಕಲು ಹೋದಳು. ಸಂಗನಬಸವ ಆ ಮಾತನ್ನು ಹಿಡಿದುಕೊಂಡು ಕಿಟಕಿಯ ವಾದ ಗೆಲ್ಲಬಹುದಿತ್ತು. ಆದರೆ ಆ ಪುಣ್ಯಾತ್ಮ ಕ್ಯಾಮೆರಾದ ಗುಂಡಿ ಒತ್ತುವುದರಲ್ಲೇ ಮುಳುಗಿದ್ದ. ಬಣ್ಣದ ಸೆಟ್ಟಿಂಗನ್ನು ಬಲ್ಬಿಗೆ ಹೊಂದಿಸಿದ, ಅಷ್ಟು ಸಾಲದೆಂದು ಪಡಸಾಲೆಯ ಕಡೆಯ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ನೂಕಿದ. ಹೊರಗಿನ ಹಗಲು ಒಳಗೆ ಬಂತು. ಹಗಲಿಗೆ ಬಲ್ಬಿನ ಸೆಟ್ಟಿಂಗ್ ಹೊಂದುವುದಿಲ್ಲ ಎಂಬ ಪಾಠದ ಹೊತ್ತಿಗೆ ಹಿಂದಿನ ರಾತ್ರಿ ಅವನಿಗೆ ನಿದ್ದೆ ಬಂದಿತ್ತು.

ಐಶ್ವರ್ಯ: ಈಗ ಮೂಗ ಒಂದ ಬಂದೈತ್ರಿ. ಆದ್ರ ನೀಲಿ ಬಂದೈತಿ.

ಲಕ್ಕವ್ವ: ನೀಲಿ! ಬಾಗಲ ತಗದ ಒಂದ ಗಳಿಗ್ಯಾಗ ಥಂಡಿ ಹತ್ತಿತು ನೋಡ! ಬಾಗಲ ಹಾಕ ಬೇ. ಬಜಿ ಎಲ್ಲೈತಿ, ತೇದ ನೆಕ್ಕಸ್ತೀನಿ.

ಸಂಗನಬಸವ: ಅತ್ತೀ, ಥಂಡಿ ಹತ್ತಿದ್ದು ಕ್ಯಾಮೆರಾಕ್ಕ!

ಲಕ್ಕವ್ವ: ಹಂಗಂದ್ರ ಅದಕ್ಕೂ ಒಂದ ತುಸು ನೆಕ್ಕಸೂನು ತಡಿ ಬಂಗಾರೀ.

ಬಾಗಿಲು ಮತ್ತೆ ಮುಚ್ಚಿತು. ಸಂಗನಬಸವ ಫಕ್ರುದ್ದೀನ ಚಾಚಾನಿಗೆ ಫೋನ್ ಹಚ್ಚಿ, ಎರಡೂ ಕೈಗೆ ಕ್ಯಾಮೆರಾ ಬೇಕೆಂದು ಸ್ಪೀಕರಿಗೆ ಇಟ್ಟ.

ಸಂಗನಬಸವ: ಚಾಚಾ, ಕೂಸ ಅಳಗಾಡಿ ಅಳಗಾಡಿ ಫೋಟೋ ಎಲ್ಲಾ ಮಬ್ಬ ಬರಾಕತ್ತಾವ್ರಿ.

ಫಕ್ರುದ್ದೀನ: ಶಟರ್ ಎಷ್ಟಕ್ಕಿಟ್ಟಿಯಪಾ?

ಸಂಗನಬಸವ: ಇಪ್ಪತ್ತಕ್ರಿ.

ಫಕ್ರುದ್ದೀನ: ಅರೇ ಭಾಯಿ, ಇಪ್ಪತ್ತಕ್ಕ ಗೋಳಗುಮ್ಮಟದ ಫೋಟೋ ಬರತೈತಿ, ಕೂಸಿಂದ ಬರೂದಿಲ್ಲ. ಗುಮ್ಮಟ ಅಳಗಾಡೂದಿಲ್ಲ. ಇನ್ನೂರಾ ಐವತ್ತ ಮಾಡು.

ಸಂಗನಬಸವ: ಮಾಡಿದ್ರ ಪೂರಾ ಕರ್ರಗ ಆಗತೈತ್ರಿ.

ಫಕ್ರುದ್ದೀನ: ಹಂಗಾದ್ರ ಐಎಸ್ಒ ಏರಸು, ಇದ್ದಷ್ಟ ಬೆಳಕ ಹೆಚ್ಚಾಗಿ ಕಾಣತೈತಿ.

ಏರಿಸಿದ. ಮೇಲೆ ಎಷ್ಟು ಅಂಕಿ ಇದ್ದವೋ ಅಷ್ಟೂ ಏರಿಸಿದ. ಫೋಟೋ ಬೆಳ್ಳಗೆ ಬಂತು, ಕೂಸು ಅಲುಗಾಡದೆ ನಿಂತಿತು. ಲಕ್ಕವ್ವ ಕನ್ನಡಕ ಹಾಕಿಕೊಂಡು ಬಗ್ಗಿದಳು.

ಲಕ್ಕವ್ವ: ಐಶೂ, ಮಾರಿ ತುಂಬ ಸಣ್ಣ ಸಣ್ಣ ಗುಳ್ಳಿ ಎದ್ದಾವ! ರವಾ ಸುರವಿದಂಗ ಆಗೇತಿ. ಬೇವಿನ ತೊಪ್ಪಲ ತರಸ್ಲಿ ಏನ?

ಫಕ್ರುದ್ದೀನ: ಯಾರಪಾ ಅವರು ಹಿಂದ ಮಾತಾಡಾಕತ್ತಾರಲ್ಲ? ಖರೇ ಹೇಳಾಕತ್ತಾರ. ಭಾಳ ಏರಿಸಿದ್ರ ಗುಳ್ಳಿ ಏಳತಾವ. ಫ್ಲ್ಯಾಶ್ ಹಚ್ಚು, ಮಾರಿಗೆ ಹಿಡೀಬ್ಯಾಡ, ಮ್ಯಾಲ ಹೊಡಿ. ಬಿಳಿ ಸ್ಲ್ಯಾಬಿಗೆ ಬಡದು ಬೆಳಕ ಮೆತ್ತಗ ಕೆಳಗ ಇಳೀತೈತಿ.

ಸಂಗನಬಸವ ತಲೆಯೆತ್ತಿ ನೋಡಿದ. ಬಿಳಿ ಸ್ಲ್ಯಾಬೂ ಇಲ್ಲ, ಗಿಲ್ಯಾಬೂ ಇಲ್ಲ. ಅಜ್ಜನ ಕಾಲದ ಮಣ್ಣಿನ ಮಾಳಿಗೆ. ತೊಲೆ ಜಂತಿಗಳು ಅರವತ್ತು ವರ್ಷದ ಒಲೆಯ ಹೊಗೆ ಕುಡಿದು ಇದ್ದಿಲಿನ ಹಾಗೆ ಕಪ್ಪಾಗಿದ್ದವು. ಅಲ್ಲಿಗೆ ಹೋದ ಬೆಳಕು ತಿರುಗಿ ಬರುವ ಮಾತೇ ಇರಲಿಲ್ಲ. ಆದರೂ ಆಸೆಗೆ ಒಮ್ಮೆ ಹೊಡೆದ.

ಲಕ್ಕವ್ವ: ಯಪ್ಪಾ! ಮನ್ಯಾಗ ಮಿಂಚ ಹೊಡೀತಲ್ಲೋ! ಕೂಸ ಬೆಚ್ಚಿಬಿತ್ತು, ನೋಡವಾ ಬಂಗಾರೀ, ನಿಮ್ಮಪ್ಪ ನಿನಗ ಸಿಡಲ ತಂದಾನ.

ಫಕ್ರುದ್ದೀನ: ಬಂತೇನಪಾ?

ಸಂಗನಬಸವ: ಇಲ್ರಿ ಚಾಚಾ. ಮಾಳಗಿ ಕರ್ರಗ ಐತಿ.

ಫಕ್ರುದ್ದೀನ: ಹಂಗಿದ್ರ ಕ್ಯಾಮೆರಾದ ಜೋಡಿ ಬಡದಾಡಬ್ಯಾಡ. ಅದರಾಗ ಬೆಳಕ ಇರೂದಿಲ್ಲಪಾ, ಅದು ಬರೇ ಖಾಲಿ ಖೋಲಿ. ಬೆಳಕ ನೀ ಹುಡಕಬೇಕು. ಸಿಗಲಿಲ್ಲಂದ್ರ ಐದಕ್ಕ ಬಂದ ಕೊಟ್ಟ ಹೋಗು, ಬ್ಯಾಸರಾ ಮಾಡಕೋಬ್ಯಾಡ.

ಬೇಸರ ಮಾಡಿಕೊಳ್ಳಬೇಡ ಎಂದರೆ ಆಗದಿರುತ್ತದೆಯೇ? ಸಂಗನಬಸವ ಫೋನನ್ನು ಕಿಸೆಗೆ ಹಾಕಿಕೊಂಡ. ನಾಳೆಯಿಂದ ಮತ್ತೆ ಗಾಜು, ಮತ್ತೆ ಅಂಟು, ಮತ್ತೆ ಗುಳ್ಳೆ ಉಳಿದಿದೆ ಎಂದು ಗಿರಾಕಿಯ ಬೈಗುಳ. ಅಷ್ಟರಲ್ಲಿ ಅತ್ತು ಸೋತ ಕೂಸು ಐಶ್ವರ್ಯಳ ತೊಡೆಯ ಮೇಲೇ ನಿದ್ದೆ ಹೋಯಿತು. ಕೈಯಿಲ್ಲ, ಕಾಲಿಲ್ಲ, ತಲೆ ಅಲುಗಾಟವಿಲ್ಲ. ಅವನ ಜೀವ ಮರಳಿ ಬಂತು. ಉಸಿರು ಬಿಗಿಹಿಡಿದು, ಮೊಣಕಾಲೂರಿ, ಶಟರ್ ನಿಧಾನ ಮಾಡಿ, ಇನ್ನೇನು ಒತ್ತಬೇಕು, ಕ್ಯಾಮೆರಾದ ತುಂಬ ಇಳಕಲ್ ಸೀರೆಯ ಸೆರಗು ಕಾಣಿಸಿತು.

ಲಕ್ಕವ್ವ: ಮಲಗಿದ ಕೂಸಿನ ಫೋಟೋ ತಗೀಬಾರ್ದು.

ಸಂಗನಬಸವ: ಯಾಕ್ರಿ?

ಲಕ್ಕವ್ವ: ಕಣ್ಣ ಮುಚ್ಚಿದಾವ್ರ ಫೋಟೋ ಯಾವಾಗ ತಗೀತಾರ? ಕೆಟ್ಟ ಮಾತ ನನ್ನ ಬಾಯಿಲೆ ಹೇಳಸಬ್ಯಾಡವಾ ಬಂಗಾರೀ.

ಸಂಗನಬಸವ: ಎದ್ದಾಗ ಅಳಗಾಡತೈತಿ, ಮಲಗಿದಾಗ ತಗೀಬಾರ್ದು. ಕಿಡಕಿ ತಗೀಬಾರ್ದು, ಲೈಟ್ ಹೊಡೀಬಾರ್ದು. ಐಶೂ, ನಿಮ್ಮವ್ವಗ ಕೇಳು. ಈ ಮನ್ಯಾಗ ಫೋಟೋ ತಗ್ಯಾಕ ಮಹೂರ್ತ ಯಾವಾಗ ಐತಿ ಅಂತ!

ಐಶ್ವರ್ಯ: ನನ್ನ ನಡಕ ತರಬ್ಯಾಡ್ರಿ. ನಾ ತೀರ್ಪ ಕೊಡಾಕ ಕುಂತೇನಿ.

ದನಿ ಏರಿದ್ದಕ್ಕೆ ಕೂಸು ಎಚ್ಚರಾಯಿತು. ಎಚ್ಚರಾದದ್ದಕ್ಕೆ ಲಕ್ಕವ್ವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಕೈಗೆ ಕೆಲಸ ಹುಡುಕುವ ಹೆಂಗಸು. ಮರುದಿನ ಗಿರಣಿಗೆ ಕಳಿಸಬೇಕಾದ ಜೋಳ ಹಸನು ಮಾಡಲು ಮೊರ ಎತ್ತಿಕೊಂಡು, ಒಂದು ಕಂಕುಳಲ್ಲಿ ಕೂಸನ್ನು ಇರುಕಿಕೊಂಡು ಪಡಸಾಲೆಗೆ ನಡೆದಳು. ಹೊರಬಾಗಿಲಿನ ಒಳಮಗ್ಗುಲಿಗೆ ಗಂಡನ ಹಳೆಯ ಬಿಳಿ ಧೋತರ ಹಾಸಿ, ಅದರ ಮೇಲೆ ಜೋಳ ಸುರುವಿಕೊಂಡು ಕುಳಿತಳು. ಗಾಳಿ ಬಾರದಂತೆ ಬಾಗಿಲಿನ ಒಂದು ಕದ ಮುಚ್ಚಿ, ಒಂದನ್ನೇ ತೆರೆದಿಟ್ಟಿದ್ದಳು. ಸಂಗನಬಸವ ಸೋತ ಮುಖ ಹೊತ್ತು ಹಿಂದೆಯೇ ಬಂದು ಕಂಬಕ್ಕೆ ಒರಗಿದ. ಜಗಳ ಮುಗಿಸುವ ಮನಸ್ಸು ಅವನಿಗೂ ಇರಲಿಲ್ಲ.

ಸಂಗನಬಸವ: ಬಂಗಾರೀ, ನಿಮ್ಮ ಆಯಿಗೆ ಕೇಳು. ಅಂಗಳದಾಗ ಅಷ್ಟ ಬಿಸಲ ಬಿದ್ದೈತಿ, ಅಲ್ಲಿ ಕುಂಡ್ರೂದ ಬಿಟ್ಟು ಈ ನೆರಳಾಗ ಕುಂತ್ರ ಜ್ವಾಳದಾಗಿನ ಹಳ್ಳು ಹ್ಯಾಂಗ ಕಾಣತಾವ ಅಂತ.

ಲಕ್ಕವ್ವ: ಏನ್ರೀ ಅಳಿಯಂದ್ರ, ಇಷ್ಟ ಕಲತೀರಿ, ಇಷ್ಟೂ ತಿಳಿಯಾಂಗಿಲ್ಲ? ಬಿಸಲಾಗ ಕುಂತ್ರ ಕಾಳ ಫಳಫಳ ಹೊಳದು ಕಣ್ಣ ಕುಕ್ಕತಾವ. ಕಾಳ ಯಾವುದು, ಹಳ್ಳು ಯಾವುದು, ಒಂದೂ ಗೊತ್ತಾಗೂದಿಲ್ಲ. ನೆರಳಾಗ ಕುಂಡ್ರಬೇಕು, ಬಾಗಲ ಮಗ್ಗಲಿಗೆ ಇರಬೇಕು. ಬೆಳಕ ಅಡ್ಡ ಬರಬೇಕ್ರಿ, ನೆತ್ತಿ ಮ್ಯಾಲಿಂದ ಅಲ್ಲ. ಆವಾಗ ಒಂದೊಂದ ಕಾಳಿನ ಗುಂಡಗಿನ ಮೈ ಕೈಯಾಗ ಹಿಡದಂಗ ಕಾಣಸತೈತಿ!

ಐಶ್ವರ್ಯ ಕೋಣೆಯ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮಗಳ ಮದುವೆಯಾದ ಮೇಲೆ ಮೊದಲ ಸಲ ಲಕ್ಕವ್ವ ಅಳಿಯನ ಮುಖ ನೋಡಿ ಮಾತಾಡಿದ್ದಳು. ಅದು ಅವಳಿಗೂ ಹೊಳೆದು ನಾಲಿಗೆ ಕಚ್ಚಿಕೊಂಡು ಸೆರಗು ಮುಂದೆಳೆದಳು. ಆದರೆ ಅಳಿಯನಿಗೆ ಮರ್ಯಾದೆಯ ಎಚ್ಚರ ಎಲ್ಲಿತ್ತು? ಅವನು ಮೊಣಕಾಲ ಮೇಲೆ ಕುಸಿದು ಅತ್ತೆಯ ಎದುರಿಗೇ ಕುಳಿತುಬಿಟ್ಟಿದ್ದ.

ಸಂಗನಬಸವ: ಮತ್ತ ಈ ಬಿಳಿ ಧೋತರ ಯಾಕ್ರಿ ಅತ್ತೀ?

ಲಕ್ಕವ್ವ: ಇನ್ನ ಯಾಕ್ರಿ? ಬಾಗಲದ ಬೆಳಕ ಧೋತರಕ್ಕ ಬಿದ್ದು ಕೆಳಗಿಂದ ಮ್ಯಾಲ ಏಳತೈತಿ. ಕಾಳಿನ ಹೊಟ್ಟಿ ಕಡೆ ಕತ್ತಲಿ ಉಳಿಯೂದಿಲ್ಲ.

ಸಂಗನಬಸವ ಅತ್ತೆಯ ಕಂಕುಳಲ್ಲಿದ್ದ ಕೂಸನ್ನು ನೋಡಿದ. ಅಡ್ಡ ಬಂದ ಬೆಳಕು ಒಂದು ಗಲ್ಲವನ್ನು ತುಂಬಿತ್ತು, ಧೋತರದಿಂದ ಎದ್ದ ಬೆಳಕು ಇನ್ನೊಂದು ಗಲ್ಲದ ನೆರಳನ್ನು ತಿಳಿ ಮಾಡಿತ್ತು. ಎರಡೂ ಕಣ್ಣಿನಲ್ಲಿ ಬಾಗಿಲು ಸಣ್ಣಗೆ ಮಿನುಗುತ್ತಿತ್ತು. ಬೆಳಗಿನಿಂದ ಅವನು ಬೇಡಿದ್ದೆಲ್ಲ ಮನೆಯ ಹೊಸ್ತಿಲಲ್ಲೇ ಬಿದ್ದಿತ್ತು.

ಸಂಗನಬಸವ: ಅತ್ತೀ, ಅಳಗಾಡಬ್ಯಾಡ್ರಿ! ಐಶೂ, ನೀನೂ ಬಾ, ಅವರ ಮಗ್ಗಲಾಗ ಕುಂಡ್ರು. ಜ್ವಾಳ ಹಿಂದ ಸರಸ್ರಿ, ಧೋತರ ಇರ್ಲಿ. ಕುಂಚಗಿ...

ಲಕ್ಕವ್ವ: ಕುಂಚಗಿ ತಗ್ಯಾಂಗಿಲ್ಲ.

ಸಂಗನಬಸವ: ಬ್ಯಾಡ, ತುಸು ಹಿಂದ ಸರಸ್ರಿ. ಹಣಿ ಕಾಣ್ಲಿ.

ಬಣ್ಣದ ಸೆಟ್ಟಿಂಗ್ ನೆರಳಿಗೆ, ಶಟರ್ ಇನ್ನೂರೈವತ್ತಕ್ಕೆ, ಐಎಸ್ಒ ನಾಲ್ಕುನೂರಕ್ಕೆ ಬಂದವು. ಮೂರು ಮುಖವೂ ಸ್ಪಷ್ಟ ಬರಲೆಂದು ಲೆನ್ಸಿನ ಬಾಯಿಯನ್ನು ಸ್ವಲ್ಪ ಕಿರಿದು ಮಾಡಿದ. ಎಲ್ಲ ಕೂಡಿಬಂತು, ಲಕ್ಕವ್ವ ಮಾತ್ರ ಕೆಟ್ಟಳು. ಕ್ಯಾಮೆರಾ ಎತ್ತಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ, ತುಟಿ ಬಿಗಿದು, ಕಣ್ಣು ಮಿಟುಕಿಸದೆ ಆಧಾರ್ ಕಾರ್ಡಿಗೆ ಕುಳಿತವಳ ಹಾಗೆ ಕುಳಿತಳು. ಆಯಿ ಗಪ್ಪಾದದ್ದು ಕಂಡು ಕೂಸೂ ಮುಖ ಗಂಟಿಕ್ಕಿತು.

ಸಂಗನಬಸವ: ತುಸು ನಗರೀ ಅತ್ತೀ.

ಲಕ್ಕವ್ವ: ನಕ್ಕೊಂತ ಯಾರ ಫೋಟೋ ತಗಸ್ತಾರ?

ಐಶ್ವರ್ಯ: ರೀ, ಕೂಸ ಇನ್ನೊಂದ ಗಳಿಗಿಗೆ ಹಾಲಿಗೆ ಅಳತೈತಿ. ಲಗೂನ ಮಾಡ್ರಿ.

ಬೆವರು ಅವನ ಕಣ್ಣಿಗಿಳಿಯಿತು. ಹೀಗೆ ತೆಗೆದರೆ ಬೆಳಕಿಗೆ ನೂರು, ಫೋಟೋಕ್ಕೆ ಸೊನ್ನೆ. ಆಗ ಅವನಿಗೆ ಒಂದು ಬುದ್ಧಿ ಹೊಳೆಯಿತು. ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಕೇಳಿದ.

ಸಂಗನಬಸವ: ಅತ್ತೀ, ಭಾಳ ಸೆಕಿ ಆಗೇತಿ. ಫ್ಯಾನ್ ಹಚ್ಚಿ, ಕೂಸಿಗೆ ಒಂದ ಚಮಚಾ ಐಸ್‌ಕ್ರೀಮ್ ತಿನಸೂನೇನ್ರಿ?

ಲಕ್ಕವ್ವ: ಐಸ್‌ಕ್ರೀಮಾ?! ಮೂರ ತಿಂಗಳ ಕೂಸಿಗೆ? ಏನ್ರೀ, ತಲಿ ನೆಟ್ಟಗೈತೇನ ನಿಮ್ಮದು? ಕೇಳಿದ್ಯಾ ಬಂಗಾರೀ, ನಿಮ್ಮಪ್ಪನ ಶ್ಯಾಣ್ಯಾತನಾ!

ಆಯಿಯ ಬೈಗುಳ ಕಿವಿಗೆ ಬಿದ್ದದ್ದೇ ಕೂಸು ಗರಕ್ಕನೆ ಅವಳ ಕಡೆ ತಿರುಗಿ ಬೊಚ್ಚು ಬಾಯಿ ತುಂಬ ನಕ್ಕಿತು. ಅದರ ಲೋಕದಲ್ಲಿ ಅದಕ್ಕಿಂತ ಮುದ್ದಿನ ಮಾತು ಬೇರೆ ಇರಲಿಲ್ಲ. ಕೂಸು ನಕ್ಕದ್ದು ಕಂಡು ಲಕ್ಕವ್ವನ ಸಿಟ್ಟು ಅರ್ಧಕ್ಕೇ ಕರಗಿ ಅವಳೂ ನಕ್ಕಳು, ಇಬ್ಬರನ್ನು ನೋಡಿ ಐಶ್ವರ್ಯ ನಕ್ಕಳು. ಕಚಕ್.

ಮೂವರೂ ತಲೆಗೆ ತಲೆ ಹಚ್ಚಿ ಕ್ಯಾಮೆರಾದ ಬೆನ್ನು ನೋಡಿದರು. ಕೂಸಿನ ಒಂದೊಂದು ರೆಪ್ಪೆ ಎಣಿಸುವಂತಿತ್ತು. ಲಕ್ಕವ್ವನ ಗಲ್ಲದ ಸುಕ್ಕುಗಳೆಲ್ಲ ಬೆಳಕು ಕುಡಿದು ನಗುತ್ತಿದ್ದವು.

ಲಕ್ಕವ್ವ: ಇದು ನಾನ ಏನ?

ಐಶ್ವರ್ಯ: ನೀನ ಯವ್ವಾ.

ಲಕ್ಕವ್ವ: ಇಷ್ಟ ಚಂದ ಯಾವಾಗ ಇದ್ನಿ ಬೇ ನಾ...

ಅವಳು ಸೆರಗಿನ ತುದಿಯಿಂದ ಕ್ಯಾಮೆರಾದ ಬೆನ್ನು ಒರೆಸಿ ಮತ್ತೆ ಬಗ್ಗಿ ನೋಡಿದಳು. ಐಶ್ವರ್ಯ ತಾಯಿಯ ಭುಜದ ಮೇಲೆ ಕೈ ಇಟ್ಟು ಗಂಡನ ಕಡೆ ನೋಡಿದಳು. ಬೆಳಗಿನಿಂದ ಬಿಗಿದುಕೊಂಡಿದ್ದ ನ್ಯಾಯಾಧೀಶರ ಮುಖ ಸಡಿಲಾಗಿತ್ತು.

ಐಶ್ವರ್ಯ: ಚಾಚಾಗ ಫೋನ್ ಹಚ್ರಿ. ಐದಕ್ಕ ಬರೂದಿಲ್ಲ ಅಂತ ಹೇಳ್ರಿ.

ಸಂಗನಬಸವನಿಗೆ ಕುಣಿಯಬೇಕೆನಿಸಿತು, ಅತ್ತೆಯೆದುರು ಕುಣಿಯುವುದು ಹೇಗೆಂದು ಸುಮ್ಮನಾದ.

ಸಂಗನಬಸವ: ಇನ್ನೇನ ಬೇಕ್ರಿ! ಇದನ್ನ ಎಂಟ ಫೂಟ ದೊಡ್ಡದ ಮಾಡಿಸಿ ಟಿಕೋಟಾ ಬಸ್ ಸ್ಟ್ಯಾಂಡ್ ಎದುರಿಗೆ ಏರಸ್ತೀನಿ. ಇಳದಾವ್ರೆಲ್ಲಾ ಮೊದಲ ಇದನ್ನ ನೋಡಬೇಕು!

ಲಕ್ಕವ್ವ: ಯಾರ ನೋಡಬೇಕು?

ಸಂಗನಬಸವ: ಎಲ್ಲಾರೂ.

ಲಕ್ಕವ್ವ: ಒಬ್ಬರೂ ನೋಡಾಂಗಿಲ್ಲ! ಇಂಥಾ ಫೋಟೋ ಮಂದಿಗೆ ತೋರಸ್ತಾರ? ದೃಷ್ಟಿ ತಾಗಿ ಕೂಸ ಉಳದೀತ? ಇದನ್ನ ನನ್ನ ಟ್ರಂಕಿನ್ಯಾಗ ಇಡತೀನಿ, ಸೀರಿ ಕೆಳಗ.

ಸಂಗನಬಸವ: ಅಯ್ಯೋ, ಕೆಟ್ಟ ಬಂದಿದ್ರ?

ಲಕ್ಕವ್ವ: ಕೆಟ್ಟ ಬಂದಿದ್ರ ಎಲ್ಲಿ ಬೇಕಾದಲ್ಲಿ ಏರಸ್ರಿ. ಚಂದ ಯಾರ ತಗೀ ಅಂದಾರ?

ಸಂಗನಬಸವ: ಬೊಟ್ಟ ಐತೆಲ್ರಿ ಅತ್ತೀ ಗಲ್ಲದ ಮ್ಯಾಲ! ಇಷ್ಟ ದೊಡ್ಡದು!

ಲಕ್ಕವ್ವ: ಅದು ಮನಿಗೆ ಬರೂ ನಾಕ ಮಂದಿಗೆ ಸಾಕು. ಟಿಕೋಟಾ ಬಸ್ ಸ್ಟ್ಯಾಂಡಿಗೆ ಹ್ಯಾಂಗ ಸಾಕಾದೀತು?

ಸಂಗನಬಸವ ಹೆಂಡತಿಯ ಕಡೆ ನೋಡಿದ. ತನ್ನ ತೀರ್ಪು ಮುಗಿಯಿತೆಂಬಂತೆ ಅವಳು ಕೂಸನ್ನೆತ್ತಿಕೊಂಡು ಹಾಲು ಕುಡಿಸಲು ಒಳಗೆ ನಡೆದಳು. ನಡುವೆ ಈಗ ಮಗಳೂ ಇಲ್ಲ, ಮೊಮ್ಮಗಳೂ ಇಲ್ಲ, ಅತ್ತೆ ಅಳಿಯ ಇಬ್ಬರೇ.

ಸಂಗನಬಸವ: ಹಂಗಿದ್ರ ಬೋರ್ಡಿನ ಮ್ಯಾಲ ಯಾರ್ನ ಹಾಕ್ಲಿ ಹೇಳ್ರಿ.

ಲಕ್ಕವ್ವ ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನಿಧಾನವಾಗಿ ನೋಡಿ, ಜೋಳದ ಮೊರ ಮುಂದಕ್ಕೆಳೆದುಕೊಂಡಳು.

ಲಕ್ಕವ್ವ: ನಿಮ್ಮದ ಹಾಕ್ರಿ, ಅಳಿಯಂದ್ರ. ಬೊಟ್ಟ ಇಡೂ ಕೆಲಸಾನೂ ಇಲ್ಲ.